ಜೊತೆಗೆ ಬಂದವರು ಕಂಡದ್ದು: ಜಾವಾದ ಹಳ್ಳಿಯೊಂದರಲ್ಲಿ ಸಂಸಾರಸಮೇತ ಕ್ಷೇತ್ರಕಾರ್ಯ

(ಸಮಾಜಶಾಸ್ತ್ರ ಮತ್ತು ಮಾನವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಮೈಸೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ, ವಿದ್ಯಾರ್ಥಿ ಮಿತ್ರರೇ,

2012ರ ಜುಲೈ ತಿಂಗಳಿನಲ್ಲಿ ಇಂಡೊನೇಷ್ಯಾದ ಜಾವಾ ದ್ವೀಪದ ಯೋಗ್ಯಕರ್ತಾ ನಗರಕ್ಕೆ ದಕ್ಷಿಣದಲ್ಲಿರುವ ಬಂತುಲ್ ಜಿಲ್ಲೆಯ ಒಂದು ಹಳ್ಳಿಗೆ ನಾನು ಕ್ಷೇತ್ರಕಾರ್ಯಕ್ಕೆಂದು ಹೋದಾಗ, ಅಲ್ಲಿನ ಗ್ರಾಮ ಕಚೇರಿಯಲ್ಲಿ ತುಂಬಬೇಕಾಗಿದ್ದ ಮೊದಲ ನಮೂನೆಯಲ್ಲಿ 'ಕುಟುಂಬದ ಯಜಮಾನ' ಎಂಬ ಕಾಲಂ ಇತ್ತು. ಸಂಶೋಧನಾ ಪರವಾನಗಿ ಇದ್ದದ್ದು ನನ್ನ ಹೆಸರಿನಲ್ಲಿ. ನನ್ನ ಪತಿ ಮತ್ತು ಆರು ವರ್ಷದ ಮಗಳು ವೀಸಾದ ಪ್ರಕಾರ ನನ್ನ ಅವಲಂಬಿತರು. ಗುಮಾಸ್ತರು ನನ್ನನ್ನು ಕೇಳದೆ, ಒಂದು ಕ್ಷಣವೂ ಅನುಮಾನಿಸದೆ, ಆ ಕಾಲಂನಲ್ಲಿ ನನ್ನ ಪತಿಯ ಹೆಸರನ್ನು ಬರೆದರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಇಂಡೊನೇಷ್ಯಾದ 1974ರ ವಿವಾಹ ಕಾನೂನು ಗಂಡನೇ ಕುಟುಂಬದ ಯಜಮಾನ, ಹೆಂಡತಿ ಗೃಹಿಣಿ ಎಂದು ನೇರವಾಗಿಯೇ ಹೇಳುತ್ತದೆ. ಹೀಗೆ ಒಂದೇ ಮನೆಯ ಕಪಾಟಿನಲ್ಲಿ ಎರಡು ಕಾಗದಗಳು ಸೇರಿಕೊಂಡವು. ಒಂದರ ಪ್ರಕಾರ ಕೆಲಸಕ್ಕೆ ಬಂದವಳು ನಾನು, ಅವರು ನನ್ನ ಹಿಂದೆ ಬಂದವರು. ಇನ್ನೊಂದರ ಪ್ರಕಾರ ಬಂದವರು ಅವರು, ನಾನು ಅವರ ಹೆಂಡತಿ. ಮುಂದಿನ ಹನ್ನೊಂದು ತಿಂಗಳೂ ಊರು ನಮ್ಮನ್ನು ನೋಡಿದ್ದು ಎರಡನೆಯ ಕಾಗದದ ಪ್ರಕಾರ. ಜಾವಾದಲ್ಲಿ ಮದುವೆಯಾದ ಹೆಂಗಸನ್ನು 'ಬು' ಎಂಬ ಗೌರವದ ಮಾತಿಗೆ ಗಂಡನ ಹೆಸರು ಸೇರಿಸಿ ಕರೆಯುವ ರೂಢಿ ಇರುವುದರಿಂದ, ನನ್ನ ಸ್ವಂತ ಹೆಸರನ್ನು ಆ ಹಳ್ಳಿಯಲ್ಲಿ ಬಲ್ಲವರು ನಾಲ್ಕೈದು ಮಂದಿಗಿಂತ ಹೆಚ್ಚಿರಲಿಲ್ಲ.

ಸಂಸಾರ ಕಟ್ಟಿಕೊಂಡು ಕ್ಷೇತ್ರಕ್ಕೆ ಹೋಗಿ ಬಂದವರನ್ನು ನಮ್ಮಲ್ಲಿ ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ: ಅನುಕೂಲವಾಯಿತೇ, ತೊಂದರೆಯಾಯಿತೇ? ಕೇಳುವವರ ಕಾಳಜಿ ನಿಜವಾದದ್ದೇ ಆದರೂ, ಈ ಎರಡು ಪ್ರಶ್ನೆಗಳಲ್ಲೂ ಸಂಶೋಧನೆ ಒಂದು ಕಡೆ ಇರುತ್ತದೆ, ಕುಟುಂಬ ಅದರ ಹೊರಗೆ ಎಲ್ಲೋ ನಿಂತಿರುತ್ತದೆ. ನನ್ನ ಅನುಭವ ಹಾಗಿಲ್ಲ. ನಮ್ಮ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದರ ಮೇಲೆಯೇ ನಮ್ಮ ಕಣ್ಣಿಗೆ ಏನು ಬೀಳುತ್ತದೆ, ನಮ್ಮ ಕಿವಿಗೆ ಯಾವ ಮಾತು ತಲುಪುತ್ತದೆ ಎಂಬುದು ನಿಂತಿದೆ. ಆದ್ದರಿಂದ ಗಂಡ, ಮಗು, ಅತ್ತೆ ಇವರ ಪ್ರಸ್ತಾಪ ಪ್ರಬಂಧದ ಕೊನೆಯ ಕೃತಜ್ಞತೆಯ ಪುಟದಲ್ಲಿ ಮುಗಿಯಬಾರದು. ಅದು ಸಂಶೋಧನಾ ವಿಧಾನದ ಅಧ್ಯಾಯದೊಳಗೆ ಬರಬೇಕು. ಇದನ್ನು ವಾದವಾಗಿ ಮುಂದಿಡುವುದಕ್ಕಿಂತ, ನನ್ನ ಅಧ್ಯಯನದ ಮುಖ್ಯ ತಿಳಿವಳಿಕೆ ನನಗೆ ಎಲ್ಲೆಲ್ಲಿಂದ ಬಂತು ಎಂಬುದನ್ನು ಬಿಡಿಸಿ ಹೇಳುವುದೇ ಸರಿಯೆಂದು ಭಾವಿಸಿದ್ದೇನೆ.

ನನ್ನ ವಿಷಯ ಚೀಟಿ. ಮೈಸೂರು, ಮಂಡ್ಯದ ಕಡೆ ಹೆಂಗಸರು ತಮ್ಮತಮ್ಮಲ್ಲೇ ನಡೆಸುವ ಚೀಟಿಗಳ ಬಗ್ಗೆ ನಾನು ಮೊದಲು ಕೆಲಸ ಮಾಡಿದ್ದೆ. ತಿಂಗಳಿಗೆ ಇಷ್ಟೆಂದು ಕಟ್ಟುವುದು, ಹರಾಜು ಕೂಗುವುದು, ತುರ್ತು ಇದ್ದವರು ಹೆಚ್ಚು ಬಿಟ್ಟುಕೊಟ್ಟು ಚೀಟಿ ಎತ್ತುವುದು, ಬಿಟ್ಟ ಹಣ ಉಳಿದವರಿಗೆ ಹಂಚಿಕೆಯಾಗುವುದು, ಇವೆಲ್ಲ ನಿಮ್ಮ ಮನೆಗಳಲ್ಲೇ ನೀವು ನೋಡಿರುವಂಥವು. ಜಾವಾದಲ್ಲಿ ಇದಕ್ಕೆ ಸಮೀಪದ ಏರ್ಪಾಡು 'ಅರಿಸಾನ್'. ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1962ರಷ್ಟು ಹಿಂದೆಯೇ ಇಂಥ ಸರದಿ ಉಳಿತಾಯದ ಗುಂಪುಗಳನ್ನು ಹಲವು ದೇಶಗಳಿಂದ ತಂದು ಹೋಲಿಸಿ ಬರೆದಿದ್ದರು. ನಮ್ಮ ಹಳ್ಳಿಯ ಅರಿಸಾನಿನಲ್ಲಿ ಹರಾಜು ಇರಲಿಲ್ಲ. ಎಲ್ಲರ ಹೆಸರು ಬರೆದ ಕಾಗದದ ಸಣ್ಣ ಸುರುಳಿಗಳನ್ನು ಗಾಜಿನ ಲೋಟದಲ್ಲಿ ಹಾಕಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿ, ಅದರಲ್ಲೊಂದು ತೂತು ಮಾಡಿ, ಲೋಟವನ್ನು ಬೋರಲು ಹಿಡಿದು ಕುಲುಕಿದಾಗ ಯಾವ ಸುರುಳಿ ಉದುರುತ್ತದೋ ಅವರಿಗೆ ಆ ಸಲದ ಹಣ. ಅದು ಕೂಡುತ್ತಿದ್ದದ್ದು ತಿಂಗಳಿಗೊಮ್ಮೆಯೂ ಅಲ್ಲ. ಜಾವಾದಲ್ಲಿ ಏಳು ದಿನದ ವಾರದ ಜೊತೆಗೆ ಐದು ದಿನದ ಸಂತೆಯ ವಾರವೂ ಬಳಕೆಯಲ್ಲಿದೆ. ಎರಡೂ ಒಂದೇ ಜೋಡಿಯಲ್ಲಿ ಮತ್ತೆ ಕೂಡಲು 35 ದಿನ ಬೇಕು. ನಮ್ಮ ಗುಂಪು ಸೇರುತ್ತಿದ್ದದ್ದು ಸಂತೆಯ ವಾರದ 'ಪಾಹಿಂಗ್' ಎಂಬ ದಿನ ಬಿದ್ದ ಭಾನುವಾರ.

ನನ್ನ ಪ್ರಶ್ನೆ ಸರಳವಾಗಿತ್ತು. ಹರಾಜೇ ಇಲ್ಲದಿದ್ದರೆ, ಈ ತಿಂಗಳೇ ಹಣ ಬೇಕಾದವಳು ಏನು ಮಾಡುತ್ತಾಳೆ? ಅದೃಷ್ಟಕ್ಕೆ ಕಾಯುತ್ತಾಳೆಯೇ? ರಂಜಾನ್ ಹಬ್ಬ ಮುಗಿದ ಮೇಲೆ ಮನೆಮನೆಗೆ ಹೋಗಿ ಕೇಳಿದೆ. ಸಿಹಿ ಚಹಾ ಬಂತು, ಕಡಲೆಕಾಯಿ ಬಂತು, ಎಲ್ಲರೂ ಒಂದೇ ಉತ್ತರ ಕೊಟ್ಟರು: ನಾವು 'ರುಕುನ್' ಆಗಿದ್ದೇವೆ, ಅಂದರೆ ಹೊಂದಿಕೊಂಡು ಇದ್ದೇವೆ, ಅಂಥ ಕಷ್ಟ ಯಾರಿಗೂ ಇಲ್ಲ. ಎರಡು ತಿಂಗಳಲ್ಲಿ ನನ್ನ ಟಿಪ್ಪಣಿ ಪುಸ್ತಕ ತುಂಬಿತ್ತು, ಆದರೆ ಅದರಲ್ಲಿ ಒಂದೇ ವಾಕ್ಯ ಇಪ್ಪತ್ತು ಸಲ ಇತ್ತು.

ಉತ್ತರದ ಮೊದಲ ತುಂಡು ಸಿಕ್ಕಿದ್ದು ನನ್ನ ಪತಿಗೆ. ಅವಲಂಬಿತ ವೀಸಾದಲ್ಲಿ ಬಂದವರು ಅಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಇಲ್ಲಿ ಸಂಬಳವಿಲ್ಲದ ರಜೆ ಹಾಕಿ ಬಂದಿದ್ದ ಅವರು ಬೆಳಿಗ್ಗೆ ಮಗಳನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟು, ಸಂತೆಯಿಂದ ತರಕಾರಿ ತಂದು, ಅನ್ನ ಸಾರು ಮಾಡಿಟ್ಟು ನನಗಾಗಿ ಕಾಯುತ್ತಿದ್ದರು. ಆ ದಿನಗಳಲ್ಲಿ ಅವರ ಮುಖದಲ್ಲಿ ಕಾಣುತ್ತಿದ್ದ ದಣಿವು ಕೆಲಸದ್ದಲ್ಲ, ಮಾತನಾಡಲು ಜನವಿಲ್ಲದ ದಣಿವು. ಅದನ್ನು ನಾನು ಬೇಗ ಗಮನಿಸಲಿಲ್ಲ ಎಂಬ ನೋವು ಇಂದಿಗೂ ಇದೆ. ಆಗಸ್ಟ್ ಕೊನೆಯಲ್ಲಿ ಒಂದು ಸಂಜೆ ನಮ್ಮ ನೆರೆಯ ಗುಂಪಿನ ಮುಖ್ಯಸ್ಥರು ಮನೆಗೆ ಬಂದರು. ಅಲ್ಲಿ ಹತ್ತಾರು ಮನೆಗಳನ್ನು ಸೇರಿಸಿ ಒಂದು 'ಆರ್‌ಟಿ' ಮಾಡಿರುತ್ತಾರೆ. ಮನೆಗೊಬ್ಬ ಗಂಡಸು ಸರದಿಯಂತೆ ರಾತ್ರಿ ಗಸ್ತಿಗೆ ಬರಬೇಕು. ನಿಮ್ಮದು ಗುರುವಾರ ಎಂದು ಹೇಳಿ ಹೋದರು. ಮನೆಯ ಯಜಮಾನ ಎಂದು ಆ ಗುಮಾಸ್ತರು ಬರೆದಿದ್ದ ಹೆಸರು ಗಸ್ತಿನ ಪಟ್ಟಿಗೂ ಹೋಗಿತ್ತು.

ಗಸ್ತಿಗೆ ಅಲ್ಲಿ 'ರೊಂಡಾ' ಎನ್ನುತ್ತಾರೆ. ಟಾರ್ಚು ಹಿಡಿದು, ಬಿದಿರಿನ ಟೊಳ್ಳನ್ನು ಕೋಲಿನಿಂದ ಬಡಿಯುತ್ತ, ಐದಾರು ಜನ ಗಂಡಸರು ಊರು ಸುತ್ತುತ್ತಾರೆ. ಪ್ರತಿ ಮನೆಯ ಮುಂದಿನ ಗೋಡೆಗೋ ಕಂಬಕ್ಕೋ ಒಂದು ಪುಟ್ಟ ಡಬ್ಬಿ ತೂಗುಹಾಕಿರುತ್ತದೆ. ಹಿಂದಿನವರು ಅದರಲ್ಲಿ ಒಂದು ಚಿಟಿಕೆ ಅಕ್ಕಿ ಇಡುತ್ತಿದ್ದರು. ಆ ಚಿಟಿಕೆಯಿಂದಲೇ ಅದಕ್ಕೆ 'ಜಿಂಪಿತಾನ್' ಎಂಬ ಹೆಸರು. ನಾವಿದ್ದಾಗ 500 ರುಪಿಯಾದ ನಾಣ್ಯ ಇಡುತ್ತಿದ್ದರು, ಆಗಿನ ಲೆಕ್ಕದಲ್ಲಿ ನಮ್ಮ ಮೂರು ರೂಪಾಯಿಗೂ ಕಡಿಮೆ. ಗಸ್ತಿನವರು ಡಬ್ಬಿಗಳಿಂದ ನಾಣ್ಯ ತೆಗೆದುಕೊಂಡು ಒಟ್ಟುಗೂಡಿಸಿ, ಬೀದಿ ದೀಪಕ್ಕೆ, ಸಾವಿನ ಮನೆಗೆ ಬೇಕಾದ ಕುರ್ಚಿ ಶಾಮಿಯಾನಕ್ಕೆ, ಕಾಯಿಲೆಯವರಿಗೆ ಎಂದು ಬಳಸುತ್ತಾರೆ. ಅಕೌಂಟ್ಸ್ ಕೆಲಸದಲ್ಲಿದ್ದವರೆಂದು ತಿಳಿದ ಮೇಲೆ ನನ್ನ ಪತಿಗೆ ಲೆಕ್ಕದ ಪುಸ್ತಕ ಕೊಟ್ಟರು. ಮೂರನೆಯ ಗುರುವಾರ ಅವರು ರಾತ್ರಿ ಎರಡು ಗಂಟೆಗೆ ಬಂದು ನನ್ನನ್ನು ಎಬ್ಬಿಸಿದರು. "ಖಾಲಿ ಡಬ್ಬಿ ಇದ್ದ ಮನೆಗಳ ನಂಬರ್ ಬರೆದುಕೊಳ್ಳಲಾ ಅಂತ ಕೇಳಿದೆ. ಎಲ್ಲರೂ ಸುಮ್ಮನಾಗಿಬಿಟ್ಟರು. ಆಮೇಲೆ ಒಬ್ಬರು, ಖಾಲಿ ಡಬ್ಬಿ ಬರೆಯುವ ಪದ್ಧತಿ ಇಲ್ಲ ಅಂದರು" ಎಂದರು.

ಖಾಲಿ ಡಬ್ಬಿಯನ್ನು ಬರೆಯುವುದಿಲ್ಲ. ಬಂದದ್ದರ ಲೆಕ್ಕ ಇರುತ್ತದೆ, ಬಾರದ್ದರ ಲೆಕ್ಕ ಇರುವುದಿಲ್ಲ. ನಮ್ಮ ಚೀಟಿಯಲ್ಲಿ ಹರಾಜು ಕೂಗುವುದೆಂದರೆ ತನಗೆ ಹಣ ಎಷ್ಟು ತುರ್ತಾಗಿ ಬೇಕಾಗಿದೆ ಎಂಬುದನ್ನು ಹತ್ತು ಜನರ ಎದುರು ಬಾಯಿಬಿಟ್ಟು ಹೇಳುವುದೇ. ಆ ಕೂಗಿನಲ್ಲೇ ಚೀಟಿಯ ವ್ಯವಹಾರ ನಿಂತಿದೆ. ಜಾವಾದ ಆ ಹಳ್ಳಿಯಲ್ಲಿ ಹಣ ಓಡಾಡುತ್ತಿದ್ದದ್ದು ಆ ಕೂಗನ್ನು ತಪ್ಪಿಸುವ ದಾರಿಗಳಲ್ಲಿ. ಈ ಹೊಳಹು ಹುಟ್ಟಿದ್ದು ಆ ರಾತ್ರಿ. ಆದರೆ ಅದು ನನಗೆ ಹೊಳೆದದ್ದು ಎಂದು ಬರೆದರೆ ಅರ್ಧ ಸುಳ್ಳು, ಏಕೆಂದರೆ ರೊಂಡಾಕ್ಕೆ ಹೆಂಗಸಾದ ನಾನು ಹೋಗುವಂತಿರಲಿಲ್ಲ.

ನಮ್ಮ ಶಾಸ್ತ್ರದ ಚರಿತ್ರೆಯಲ್ಲಿ ಈ ಬಗೆಯ ಅರ್ಧ ಸುಳ್ಳು ಸಾಕಷ್ಟು ಇದೆ. ಕ್ಷೇತ್ರಕಾರ್ಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು 1915ರಿಂದ 1918ರ ಅವಧಿಯಲ್ಲಿ ನ್ಯೂಗಿನಿಯ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಡೇರೆ ಹಾಕಿಕೊಂಡಿದ್ದ ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿಯವರ ಒಂಟಿ ಚಿತ್ರ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ರಾಮಪುರವೆಂಬ ಹಳ್ಳಿಗೆ ಹೋದಾಗ ಅವಿವಾಹಿತರು. ಮಂಡ್ಯದ ನೀರಾವರಿ ಹಳ್ಳಿಯೊಂದನ್ನೂ ಒಣಭೂಮಿಯ ಹಳ್ಳಿಯೊಂದನ್ನೂ 1954ರಿಂದ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಕೂಡ ಆಗ ಒಂಟಿ ಹೆಣ್ಣುಮಗಳು. ಮದುವೆಯಾದ ಮೇಲೆ ಅವರು ಪತಿಯೊಡನೆ ನ್ಯೂಗಿನಿಗೆ ಹೋಗಿ ತೋಲಾಯ್ ಜನರ ನಡುವೆ ಕೆಲಸ ಮಾಡಿದರು, ಮತ್ತು ಅಲ್ಲಿ ಗಂಡ ಹೆಂಡತಿ ಬೇರೆ ಬೇರೆ ನೆಲೆಗಳನ್ನು ಆರಿಸಿಕೊಂಡು ಬೇರೆ ಬೇರೆ ಪುಸ್ತಕ ಬರೆದರು. ಎಲ್ಲರಿಗೂ ಹಾಗಾಗಲಿಲ್ಲ. 1950ರ ದಶಕದ ಆರಂಭದಲ್ಲಿ ಇಂದಿನ ಜಾಂಬಿಯಾದ ಎನ್‌ಡೆಂಬು ಜನರ ನಡುವೆ ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಅವರೊಡನೆ ಪತ್ನಿ ಎಡಿತ್ ಮತ್ತು ಮಕ್ಕಳೂ ಇದ್ದರು. ಎಡಿತ್ ತಮ್ಮ ಹೆಸರಿನಲ್ಲಿ ಆ ಅನುಭವದ ಪುಸ್ತಕ ತಂದದ್ದು 1987ರಲ್ಲಿ, ಪತಿ ತೀರಿಕೊಂಡ ನಂತರ. 1958ರಲ್ಲಿ ಬಾಲಿಯ ಹಳ್ಳಿಯೊಂದರ ಕೋಳಿ ಅಂಕದ ಮೇಲೆ ಪೊಲೀಸರು ದಾಳಿ ಮಾಡಿದಾಗ ಗೀರ್ಟ್ಸ್ ಓಡಿದ ಪ್ರಸಂಗವನ್ನು ನೀವೆಲ್ಲ ಪಠ್ಯದಲ್ಲಿ ಓದಿದ್ದೀರಿ. ಅವರ ಜೊತೆಗೇ ಓಡಿದವರು ಅವರ ಪತ್ನಿ ಹಿಲ್ಡ್ರೆಡ್; ಅವರೂ ಮಾನವಶಾಸ್ತ್ರಜ್ಞೆ, ಜಾವಾದ ಕುಟುಂಬದ ಬಗ್ಗೆ 1961ರಲ್ಲಿ ಅವರು ಬರೆದ ಗ್ರಂಥವಿಲ್ಲದೆ ನನ್ನ ಕೆಲಸ ಆರಂಭವೇ ಆಗುತ್ತಿರಲಿಲ್ಲ. ತರಗತಿಗಳಲ್ಲಿ ಆ ಓಟದ ಕಥೆ ಹೇಳುವಾಗ ನಾವು ಒಬ್ಬರ ಹೆಸರನ್ನು ಮಾತ್ರ ಹೇಳುತ್ತೇವೆ.

ಪಶ್ಚಿಮದವರು ಈ ವಿಷಯ ಬರೆದಾಗ ಹೆಚ್ಚಾಗಿ ಗಂಡ, ಹೆಂಡತಿ, ಮಕ್ಕಳ ಬಗ್ಗೆ ಬರೆದಿದ್ದಾರೆ. ನಮ್ಮ ಸಂಸಾರ ಅಷ್ಟಕ್ಕೇ ನಿಲ್ಲುವುದಿಲ್ಲ. 2013ರ ಜನವರಿಯಲ್ಲಿ ನನ್ನ ಅತ್ತೆಯವರು ಮೂರು ತಿಂಗಳಿಗೆಂದು ಬಂದರು. ಅವರಿಗೆ ಆಗ ಅರವತ್ತೆಂಟು ವರ್ಷ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು, ಊರು ಬಿಟ್ಟು ದೂರ ಹೋದವರಲ್ಲ. ಅಲ್ಲಿನ ಎಳೆ ಹಲಸಿನ ಅಡುಗೆಯ ವಾಸನೆ ಅವರಿಗೆ ಹಿತವಾಗಿತ್ತು, ಆದರೆ ಅದರಲ್ಲಿ ಕೋಳಿಯೋ ಮೊಟ್ಟೆಯೋ ಇರುತ್ತದೆಂದೂ ಚಟ್ನಿಗೆ ಸಿಗಡಿ ಅರೆದು ಹಾಕುತ್ತಾರೆಂದೂ ತಿಳಿದ ಮೇಲೆ ಹೊರಗೆ ಏನನ್ನೂ ಮುಟ್ಟಲಿಲ್ಲ. ಅವರನ್ನು ಕರೆಸಿದ್ದು ಸರಿಯೇ ಎಂದು ನಾನು ಮೊದಲ ವಾರ ಚಿಂತಿಸಿದ್ದೆ.

ನಮ್ಮ ಬಾಡಿಗೆ ಮನೆಯ ಬೇಲಿಯಲ್ಲಿ ಮಲ್ಲಿಗೆಯ ಬಳ್ಳಿ ಇತ್ತು. ಅಲ್ಲಿಯವರು ಅದನ್ನು 'ಮೆಲಾತಿ' ಎನ್ನುತ್ತಾರೆ. ಮದುಮಗಳ ತಲೆಗೆ, ಮದುಮಗನ ಕಠಾರಿಗೆ ಮೊಗ್ಗಿನ ಮಾಲೆ ಬೇಕೇ ಬೇಕು. ಆದರೆ ಅಲ್ಲಿ ಹೂವನ್ನು ಸೂಜಿದಾರದಲ್ಲಿ ಪೋಣಿಸುತ್ತಾರೆ. ಅತ್ತೆಯವರು ಹಿತ್ತಲ ಬಾಳೆಯ ಒಣಗಿದ ಪಟ್ಟೆಯಿಂದ ನಾರು ಸೀಳಿ, ನೀರಿನಲ್ಲಿ ನೆನೆಸಿ, ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಎರಡು ಮೊಗ್ಗು ಈ ಕಡೆಗೆ ಎರಡು ಆ ಕಡೆಗೆ ಇಟ್ಟು, ಬೆರಳಿನಲ್ಲೇ ಸುತ್ತಿ ಕುಣಿಕೆ ಎಳೆದು ಕಟ್ಟುತ್ತಿದ್ದರು. ಸೂಜಿಯಿಲ್ಲದೆ ಮಾಲೆ ಬೆಳೆಯುತ್ತಿದ್ದದ್ದನ್ನು ಎದುರು ಮನೆಯ ಮುದುಕಿ ಮೊದಲು ಬೇಲಿಯಾಚೆ ನಿಂತು ನೋಡಿದರು, ಮಾರನೆಯ ದಿನ ಬಂದು ಪಕ್ಕದಲ್ಲಿ ಕುಳಿತರು. ಒಂದು ವಾರದಲ್ಲಿ ಮಧ್ಯಾಹ್ನದ ಹೊತ್ತು ನಾಲ್ಕೈದು ಹೆಂಗಸರು ನಮ್ಮ ಜಗಲಿಯಲ್ಲಿ ಸೇರತೊಡಗಿದರು. ಅತ್ತೆಯವರು ಕನ್ನಡದಲ್ಲಿ, ಅವರು ಜಾವಾ ಭಾಷೆಯಲ್ಲಿ. ಕೈ ಮಾತ್ರ ಒಂದೇ ಕೆಲಸ ಮಾಡುತ್ತಿತ್ತು. ಅತ್ತೆಯವರನ್ನು ಎಲ್ಲರೂ 'ಎಂಬಾ' ಎನ್ನುತ್ತಿದ್ದರು, ಅಂದರೆ ಅಜ್ಜಿ. ನನ್ನ ಮುಂದೆ ಎರಡು ತಿಂಗಳು ಮುಚ್ಚಿದ್ದ ಮಾತುಗಳು ಆ ಜಗಲಿಯಲ್ಲಿ ತಾವಾಗಿಯೇ ತೆರೆದುಕೊಂಡವು. ಲೋಟ ಕುಲುಕಿ ಹಣ ಗೆದ್ದವಳ ಮನೆಗೆ ಅದೇ ರಾತ್ರಿ ಯಾರೋ ಒಬ್ಬರು ಹಿತ್ತಲ ಬಾಗಿಲಿನಿಂದ ಹೋಗುತ್ತಾರೆ, ಮಕ್ಕಳ ಶಾಲೆಯ ಬಗ್ಗೆ, ಮಳೆಯ ಬಗ್ಗೆ ಮಾತನಾಡುತ್ತಾರೆ. ಗೆದ್ದವಳು ಅರ್ಥಮಾಡಿಕೊಂಡು ತನ್ನ ಸರದಿ ಬದಲಿಸಿಕೊಳ್ಳುತ್ತಾಳೆ. ಪುಸ್ತಕದಲ್ಲಿ ಮಾತ್ರ ಗೆದ್ದವಳ ಹೆಸರೇ ಉಳಿಯುತ್ತದೆ. ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಇದೇ ಆಗಿತ್ತು.

ಇಲ್ಲಿ ಒಂದು ತೊಡಕು ಎದುರಾಯಿತು. ಆ ಹೆಂಗಸರು ಬರುತ್ತಿದ್ದದ್ದು ಎಂಬಾ ಅವರ ಹತ್ತಿರ, ಸಂಶೋಧಕಿಯ ಹತ್ತಿರವಲ್ಲ. ಗ್ರಾಮ ಕಚೇರಿಯಲ್ಲಿ ಕೊಟ್ಟ ಅನುಮತಿ, ಮೊದಲ ಸಭೆಯಲ್ಲಿ ನಾನು ಓದಿ ಹೇಳಿದ ವಿವರಣೆ, ಇವು ಆ ಜಗಲಿಯ ಮಾತಿಗೂ ಅನ್ವಯಿಸುತ್ತವೆ ಎಂದು ನಿಯಮದ ದೃಷ್ಟಿಯಿಂದ ವಾದಿಸಬಹುದಿತ್ತು. ನನಗೆ ಅದು ಸರಿಯೆನಿಸಲಿಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ, ಕೈಯಲ್ಲಿ ಹೂವಿನ ಬುಟ್ಟಿ ಹಿಡಿದುಕೊಂಡೇ, ಇಲ್ಲಿ ಕೇಳಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೇನೆ, ಬೇಡವೆಂದರೆ ಬಿಡುತ್ತೇನೆ ಎಂದು ಹೇಳಿದೆ. ಒಬ್ಬರು ಮುಂದಿನ ವಾರದಿಂದ ಬರುವುದನ್ನು ನಿಲ್ಲಿಸಿದರು. ಅವರ ಮಾತುಗಳನ್ನು ನಾನು ಬಳಸಲಿಲ್ಲ. ಉಳಿದವರು ಹೆಸರು ಬೇಡವೆಂದರು, ಹೆಸರಿಲ್ಲದೆ ಬರೆದೆ.

ಮಗು ಜೊತೆಗಿದ್ದರೆ ಬಾಗಿಲು ತೆರೆಯುತ್ತದೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದು ನಿಜ, ಆದರೆ ಕೆಲವು ಬಾಗಿಲುಗಳು ಅದೇ ಕಾರಣಕ್ಕೆ ಮುಚ್ಚುತ್ತವೆ. 2012ರ ಫೆಬ್ರವರಿಯಲ್ಲಿ, ಹಳ್ಳಿ ಆರಿಸಲೆಂದು ಮೂರು ವಾರ ನಾನೊಬ್ಬಳೇ ಹೋಗಿದ್ದಾಗ, ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕಿದ್ದು ಹಿಂತಿರುಗಿದ್ದ ಒಬ್ಬ ಹೆಣ್ಣುಮಗಳ ಪರಿಚಯವಾಗಿತ್ತು. ಜಾವಾದ ಹಳ್ಳಿಗಳಿಂದ ಮಲೇಷ್ಯಾ, ಹಾಂಗ್‌ಕಾಂಗ್, ಅರಬ್ ದೇಶಗಳಿಗೆ ಹೀಗೆ ಹೋಗುವ ತಾಯಂದಿರು ಬಹಳ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ನಿಮ್ಮ ಮಗು ಎಲ್ಲಿ ಎಂದು ಅವರು ಕೇಳಿದರು. ಮೈಸೂರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದೇನೆ ಎಂದೆ. ಆ ರಾತ್ರಿ ಅವರು ಎರಡು ಗಂಟೆ ಕಾಲ, ತಮ್ಮ ಮಗ ನಾಲ್ಕು ವರ್ಷದ ಮೇಲೆ ತಮ್ಮನ್ನು ಗುರುತಿಸದೆ ಅಜ್ಜಿಯ ಬೆನ್ನ ಹಿಂದೆ ಅಡಗಿಕೊಂಡ ದಿನದ ಬಗ್ಗೆ ಹೇಳಿದರು. ಜುಲೈನಲ್ಲಿ ಮಗಳ ಕೈಹಿಡಿದುಕೊಂಡು ಹೋದಾಗ ಅವರು ಅವಳ ಕೆನ್ನೆ ಸವರಿ, ಮಿಠಾಯಿ ಕೊಟ್ಟು ಕಳಿಸಿದರು. ಹನ್ನೊಂದು ತಿಂಗಳಲ್ಲಿ ಆ ವಿಷಯ ಅವರ ಬಾಯಿಂದ ಮ‌ತ್ತೆ ಬರಲಿಲ್ಲ. ಕೆಲಸಕ್ಕೆ ಹೋಗುವಾಗ ಮಗುವನ್ನು ಜೊತೆಗೇ ಕರೆದೊಯ್ಯಲು ಸಾಧ್ಯವಾದವಳ ಮುಂದೆ, ಸಾಧ್ಯವಾಗದವಳು ಏನು ಹೇಳಬೇಕು?

ಮಗಳ ವಿಷಯಕ್ಕೆ ಬರುತ್ತೇನೆ. ಅವಳು ಅಲ್ಲಿನ ಪ್ರಾಥಮಿಕ ಶಾಲೆಯ ಒಂದನೆಯ ತರಗತಿಗೆ ಸೇರಿದಳು. ತರಗತಿಯಲ್ಲಿ ಇಂಡೊನೇಷ್ಯಾ ಭಾಷೆ, ಆಟದ ಬಯಲಿನಲ್ಲಿ ಜಾವಾ ಭಾಷೆ. ಜಾವಾ ಭಾಷೆಯಲ್ಲಿ ಮಾತಿನ ಮಟ್ಟಗಳಿವೆ. ಊಟ ಮಾಡುವುದಕ್ಕೆ ಗೆಳೆಯರೊಡನೆ 'ಮಾಂಗಾನ್' ಎಂದರೆ, ಮರ್ಯಾದೆಯ ಮಾತಿನಲ್ಲಿ ತನ್ನ ಬಗ್ಗೆ 'ನೆಡಾ' ಎನ್ನಬೇಕು, ಹಿರಿಯರ ಬಗ್ಗೆ 'ಧಹಾರ್' ಎನ್ನಬೇಕು. ತುಂಬ ಚಿಕ್ಕ ಮಕ್ಕಳು ತಪ್ಪು ಮಾಡಿದರೆ ದೊಡ್ಡವರು ಗದರಿಸುವುದಿಲ್ಲ, 'ದುರುಂಗ್ ಜಾವಾ' ಎನ್ನುತ್ತಾರೆ: ಇನ್ನೂ ಜಾವಾದವರಾಗಿಲ್ಲ. ನಾನು ವರ್ಷಗಟ್ಟಲೆ ಪುಸ್ತಕದಿಂದ ಕಲಿತಿದ್ದ ಈ ಭೇದವನ್ನು ಅವಳು ಐದು ತಿಂಗಳಲ್ಲಿ ಮಕ್ಕಳಿಂದ ಕಲಿತಳು. ಒಂದು ದಿನ ಎದುರು ಮನೆಯ ಅಜ್ಜಿ ಊಟವಾಯಿತೇ ಎಂದು ಕೇಳಿದಾಗ, ಮರ್ಯಾದೆ ಹೆಚ್ಚಾಗಲಿ ಎಂದು ನಾನು ನನ್ನ ಬಗ್ಗೆಯೇ 'ಧಹಾರ್' ಎಂದುಬಿಟ್ಟೆ. ಮನೆಗೆ ಬಂದ ಮೇಲೆ ಮಗಳು, "ಅಮ್ಮ, ಹಾಗೆ ಹೇಳಬಾರದು. ಅದು ನಮಗೆ ನಾವೇ ನಮಸ್ಕಾರ ಮಾಡಿಕೊಂಡ ಹಾಗೆ" ಎಂದಳು. ನಾನು ಇಲ್ಲಿಗೆ ದಯಮಾಡಿಸಿದೆ ಎಂದು ಯಾರಾದರೂ ಕನ್ನಡದಲ್ಲಿ ಹೇಳಿಕೊಂಡರೆ ನಮಗೆ ಹೇಗೆ ಕೇಳಿಸುತ್ತದೋ ಹಾಗೆ ನನ್ನ ಮಾತು ಆ ಅಜ್ಜಿಗೆ ಕೇಳಿಸಿರಬೇಕು. ಇನ್ನೊಂದು ದಿನ ಅವಳು ಹೇಳಿದ್ದು ನನ್ನ ಅಧ್ಯಯನಕ್ಕೇ ನೇರವಾಗಿ ಸಂಬಂಧಿಸಿದ್ದು: "ಇಲ್ಲಿ ಇಲ್ಲ ಅನ್ನಲ್ಲ ಅಮ್ಮ, ಇನ್ನೂ ಇಲ್ಲ ಅಂತಾರೆ." ಇಂಡೊನೇಷ್ಯಾ ಭಾಷೆಯಲ್ಲಿ 'ತಿದಾಕ್' ಎಂದರೆ ಇಲ್ಲ, 'ಬೆಲುಮ್' ಎಂದರೆ ಇನ್ನೂ ಇಲ್ಲ. ಮದುವೆಯಾಗಿದೆಯೇ, ಮಕ್ಕಳಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಬೆಲುಮ್ ಎಂಬುದೇ ಸಭ್ಯ ಉತ್ತರ ಎಂದು ನಾನು ವ್ಯಾಕರಣದಲ್ಲಿ ಓದಿದ್ದೆ. ತಿಂಡಿಯ ಗಾಡಿಯ ಮುಂದೆ ಕಾಸಿಲ್ಲದೆ ನಿಂತ ಮಕ್ಕಳೂ ಅದನ್ನೇ ಹೇಳುತ್ತಾರೆ ಎಂದು ನನಗೆ ತಿಳಿದದ್ದು ಅವಳಿಂದ.

ಶಾಲೆಯಲ್ಲಿ ಧರ್ಮದ ಪಾಠ ಕಡ್ಡಾಯ. ಪ್ರತಿ ಮಗುವಿಗೂ ತನ್ನ ಧರ್ಮದ ಶಿಕ್ಷಕರಿಂದಲೇ ಆ ಪಾಠ ಪಡೆಯುವ ಹಕ್ಕಿದೆ ಎಂದು 2003ರ ಶಿಕ್ಷಣ ಕಾನೂನು ಹೇಳುತ್ತದೆ, ಆದರೆ ಇಡೀ ಶಾಲೆಗೆ ಒಬ್ಬಳೇ ಹಿಂದೂ ಹುಡುಗಿ ಇದ್ದಲ್ಲಿ ಅದು ನಡೆಯುವುದು ಕಷ್ಟ. ಆ ಹೊತ್ತಿನಲ್ಲಿ ಅವಳು ಗ್ರಂಥಾಲಯದಲ್ಲಿ ಒಬ್ಬಳೇ ಕುಳಿತಿರುತ್ತಿದ್ದಳು. ವಾರಕ್ಕೆ ಎರಡು ಗಂಟೆ ಒಬ್ಬಳೇ. ಊಟಕ್ಕೆ ಮುಂಚಿನ ಅವರ ಪ್ರಾರ್ಥನೆಯನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡು ಮನೆಯಲ್ಲಿ ಹೇಳಿದಾಗ ನಾನು ಏನೂ ತೋಚದೆ ಅತ್ತೆಯವರ ಮುಖ ನೋಡಿದೆ. "ಉಣ್ಣೋ ಮುಂಚೆ ದೇವರನ್ನ ನೆನೆಯೋದು ಒಳ್ಳೇದೇ ಅಲ್ವೇನಮ್ಮ" ಎಂದು ಅವರು ಬಡಿಸಲು ಎದ್ದರು. ಆದರೆ ಗ್ರಂಥಾಲಯದ ಆ ಎರಡು ಗಂಟೆಗಳಿಗೆ ಪರಿಹಾರ ಯಾರ ಬಳಿಯೂ ಇರಲಿಲ್ಲ. 1987ರಲ್ಲಿ ಜೋನ್ ಕ್ಯಾಸೆಲ್ ಅವರು ಕ್ಷೇತ್ರಕ್ಕೆ ಹೋದ ಮಕ್ಕಳ ಬಗ್ಗೆ ಮಾನವಶಾಸ್ತ್ರಜ್ಞರ ಲೇಖನಗಳ ಒಂದು ಸಂಕಲನ ತಂದರು. ಅದರಲ್ಲಿ ನ್ಯಾನ್ಸಿ ಶೆಪರ್-ಹ್ಯೂಸ್ ತಮ್ಮ ಮಕ್ಕಳು ಪಟ್ಟ ಪಾಡನ್ನು ಮುಚ್ಚಿಡದೆ ಬರೆದಿದ್ದಾರೆ. ಆ ಲೇಖನವನ್ನು ನಾನು ಹೊರಡುವ ಮುಂಚೆ ಓದಿದ್ದೆ. ಓದಿದ್ದರಿಂದ ಮಗುವಿನ ಒಂಟಿತನ ಕಡಿಮೆಯಾಗಲಿಲ್ಲ, ಅದನ್ನು ಬೇಗ ಗುರುತಿಸುವುದು ಮಾತ್ರ ಸಾಧ್ಯವಾಯಿತು.

ಫೆಬ್ರವರಿಯ ಕೊನೆಯಲ್ಲಿ ಅವಳಿಗೆ ಡೆಂಗಿ ಬಂತು. ಪ್ಲೇಟ್‌ಲೆಟ್ ಸಂಖ್ಯೆ ದಿನದಿನಕ್ಕೂ ಇಳಿಯುತ್ತಿದ್ದ ಆ ಆರು ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಮೂರನೆಯ ದಿನ ಅರಿಸಾನಿನ ಹನ್ನೊಂದು ಜನ ಹೆಂಗಸರು ಬಾಡಿಗೆ ಗಾಡಿಯಲ್ಲಿ ಆಸ್ಪತ್ರೆಗೆ ಬಂದರು. ಕಾಯಿಲೆಯವರನ್ನು ಹೀಗೆ ಗುಂಪಾಗಿ ಹೋಗಿ ನೋಡುವುದಕ್ಕೆ ಅಲ್ಲಿ 'ತಿಲಿಕ್' ಎನ್ನುತ್ತಾರೆ. ಹೊರಡುವಾಗ ಅತ್ತೆಯವರ ಕೈಯಲ್ಲಿ ಒಂದು ಲಕೋಟೆ ಇಟ್ಟರು. ಮೇಲೆ ಯಾರ ಹೆಸರೂ ಇರಲಿಲ್ಲ, ಆರ್‌ಟಿ ನಂಬರ್ ಮಾತ್ರ ಇತ್ತು. ನಾವು ಕೇಳಿರಲಿಲ್ಲ, ಕೇಳುವ ಅಗತ್ಯ ಬಾರದಂತೆ ಅದು ಬಂದಿತ್ತು. ಆ ಏರ್ಪಾಡನ್ನು ಅಲ್ಲಿಯವರೆಗೆ ನಾನು ಹೊರಗಿನಿಂದ ವಿವರಿಸುತ್ತಿದ್ದೆ, ಆ ದಿನ ಅದರ ಒಳಗಿದ್ದೆ. ಎದೆ ಹಗುರಾದದ್ದು, ಜೊತೆಗೇ ತೀರಿಸಬೇಕಾದ ಋಣವೊಂದು ಹೆಗಲೇರಿದ್ದು, ಎರಡೂ ಒಟ್ಟಿಗೇ ಆದವು. ಆದರೆ ಅದೇ ರಾತ್ರಿ ವಾರ್ಡಿನ ಮಬ್ಬು ಬೆಳಕಿನಲ್ಲಿ ಲಕೋಟೆಯ ಮೊತ್ತವನ್ನೂ ಬಂದವರ ಪಟ್ಟಿಯನ್ನೂ ಬರೆದುಕೊಂಡೆ ಎಂಬುದನ್ನು ಇಲ್ಲಿ ಹೇಳದಿದ್ದರೆ ಈ ಉಪನ್ಯಾಸ ಪ್ರಾಮಾಣಿಕವಾಗುವುದಿಲ್ಲ.

ಈ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವರು ಮಾನವಶಾಸ್ತ್ರಜ್ಞರಾದ ಮಿಷೆಲ್ ಮತ್ತು ರೆನಾಟೊ ರೊಸಾಲ್ಡೊ. ಫಿಲಿಪ್ಪೀನ್ಸಿನ ಇಲೊಂಗೋಟ್ ಜನರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಈ ದಂಪತಿ 1981ರಲ್ಲಿ ತಮ್ಮ ಇಬ್ಬರು ಪುಟ್ಟ ಗಂಡುಮಕ್ಕಳೊಡನೆ ಅದೇ ದೇಶದ ಇಫುಗಾವೊ ಪ್ರದೇಶಕ್ಕೆ ಹೊಸ ಕ್ಷೇತ್ರಕಾರ್ಯಕ್ಕೆಂದು ಹೋಗಿದ್ದರು. ಅಕ್ಟೋಬರ್ 11ರಂದು ಮಿಷೆಲ್ ಬೆಟ್ಟದ ಕಾಲುದಾರಿಯಲ್ಲಿ ನಡೆಯುತ್ತಿದ್ದಾಗ ಕಾಲು ಜಾರಿ ಕಡಿದಾದ ಪ್ರಪಾತಕ್ಕೆ ಬಿದ್ದು ತೀರಿಕೊಂಡರು. ದುಃಖದೊಳಗಿನ ಆಕ್ರೋಶವೇ ತಮ್ಮನ್ನು ತಲೆ ಕಡಿಯಲು ಹೊರಡಿಸುತ್ತದೆ ಎಂದು ಇಲೊಂಗೋಟ್ ಹಿರಿಯರು ಹಿಂದೆ ಹೇಳಿದ್ದ ಮಾತು ತಮಗೆ ಅಷ್ಟು ವರ್ಷ ಸಾಲದ ವಿವರಣೆಯಾಗಿ ಕಂಡಿತ್ತೆಂದೂ, ಅದರ ಭಾರ ತಿಳಿದದ್ದು ಹೆಂಡತಿಯ ಸಾವಿನ ನಂತರವೆಂದೂ ರೆನಾಟೊ ಆಮೇಲೆ ಬರೆದರು. ಆ ಲೇಖನವನ್ನು ನಾವು ಸಿದ್ಧಾಂತದ ತರಗತಿಗಳಲ್ಲಿ ಕಲಿಸುತ್ತೇವೆ. ಕಲಿಸುವಾಗ ಆ ಇಬ್ಬರು ಹುಡುಗರು ಅಲ್ಲಿದ್ದರು ಎಂಬುದನ್ನೂ ಹೇಳಬೇಕು ಎಂಬುದು ನನ್ನ ಕೋರಿಕೆ.

ಮಾರ್ಗದರ್ಶಕರಿಗೆ ಮತ್ತು ಸಂಸ್ಥೆಗಳಿಗೆ ಸಂಬಂಧಿಸಿದ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನನಗೆ ಸಿಕ್ಕಿದ ಧನಸಹಾಯ ಒಬ್ಬರ ವಿಮಾನದ ಖರ್ಚಿಗೆ, ಒಬ್ಬರ ಊಟ ವಸತಿಗೆ, ಒಬ್ಬರ ವಿಮೆಗೆ. ಉಳಿದದ್ದು ಪತಿಯ ಉಳಿತಾಯದಿಂದ ಬಂತು. ಹೀಗೆ ಸ್ವಂತ ಹಣ ಹಾಕಲಾಗದ ಎಷ್ಟೋ ಹೆಣ್ಣುಮಕ್ಕಳು ವಿದೇಶದ ಕ್ಷೇತ್ರಕಾರ್ಯವನ್ನೇ ಕೈಬಿಡುತ್ತಾರೆ. ಶಾಲೆಯ ವರ್ಷ ಅಲ್ಲಿ ಜುಲೈನಲ್ಲಿ, ಇಲ್ಲಿ ಜೂನ್‌ನಲ್ಲಿ ಆರಂಭವಾಗುತ್ತದೆ. ಹಿಂತಿರುಗಿದಾಗ ವರ್ಗಾವಣೆ ಪತ್ರ ಬೇರೆ ದೇಶದ ಭಾಷೆಯಲ್ಲಿದೆ ಎಂದು ಮಗಳನ್ನು ಮತ್ತೆ ಒಂದನೆಯ ತರಗತಿಯಲ್ಲೇ ಕೂರಿಸುವ ಮಾತು ಬಂದಿತ್ತು. ಹೋಗುವ ಮುನ್ನ ಇವನ್ನೆಲ್ಲ ಕೇಳಬೇಕೆಂದು ನನಗೆ ಯಾರೂ ಹೇಳಿರಲಿಲ್ಲ, ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ಪ್ರಬಂಧದ ವಿಧಾನದ ಅಧ್ಯಾಯದಲ್ಲಿ, ಜೊತೆಗೆ ಯಾರಿದ್ದರು, ಯಾವ ಮಾಹಿತಿ ಯಾರ ಮೂಲಕ ಬಂತು, ಯಾರಿದ್ದ ಕಾರಣಕ್ಕೆ ಯಾವುದು ಬಾರದೆ ಹೋಯಿತು ಎಂಬುದನ್ನು ಬರೆಯಿರಿ. ರೊಂಡಾದ ಲೆಕ್ಕವನ್ನು ಕುರಿತ ನನ್ನ ಲೇಖನಕ್ಕೆ ನನ್ನ ಪತಿ ಸಹಲೇಖಕರು. ಅವರು ಸಮಾಜಶಾಸ್ತ್ರ ಓದಿದವರಲ್ಲ ಎಂದು ಆಕ್ಷೇಪ ಬಂದಿತ್ತು. ನೋಡಿದವರು ಅವರೇ ಎಂದು ಉತ್ತರ ಬರೆದೆ.

ಮಗಳ ಬಗ್ಗೆ ಇನ್ನೊಂದು ವಿಷಯ ಉಳಿದಿದೆ. ಮೊದಲ ನಾಲ್ಕು ತಿಂಗಳು ಅವಳು ಗೆಳತಿಯರ ಮನೆಗಳಿಂದ ಬಂದು, ಅಲ್ಲಿ ಏನು ತಿಂದೆ, ಯಾರು ಬೈದರು, ಯಾರು ಅತ್ತರು ಎಂದು ಹೇಳುತ್ತಿದ್ದಳು. ನಾನು ಕೇಳುತ್ತಿದ್ದೆ, ಮತ್ತು ರಾತ್ರಿ ಬರೆದಿಡುತ್ತಿದ್ದೆ. ನವೆಂಬರಿನಲ್ಲಿ ಒಂದು ದಿನ, ನಾನು ಪ್ರಶ್ನೆ ಕೇಳುವ ಮೊದಲೇ ಅವಳು ಆ ಮನೆಯ ಸಾಲದ ಮೊತ್ತ ಹೇಳಿದಾಗ, ನನಗೆ ಬೇಕಾದದ್ದು ಯಾವುದೆಂದು ಮಗುವಿಗೆ ತಿಳಿದುಹೋಗಿದೆ ಎಂದು ಹೆದರಿಕೆಯಾಯಿತು. ಅಂದಿನಿಂದ ಅವಳು ಹೇಳಿದ್ದನ್ನು ಬರೆಯುವುದನ್ನು ನಿಲ್ಲಿಸಿದೆ. ಆದರೆ ಬರೆದದ್ದು ಪುಸ್ತಕದಲ್ಲಿ ಉಳಿದಿತ್ತು.

2023ರಲ್ಲಿ, ಹದಿನೇಳು ವರ್ಷದ ಅವಳ ಮುಂದೆ ಆ ಟಿಪ್ಪಣಿ ಪುಸ್ತಕಗಳನ್ನೂ ನಾನು ಬರೆಯುತ್ತಿರುವ ಗ್ರಂಥದ ಹಸ್ತಪ್ರತಿಯನ್ನೂ ಇಟ್ಟು ಓದಲು ಹೇಳಿದೆ. ನಾಲ್ಕು ದಿನ ಓದಿದಳು. ಆಸ್ಪತ್ರೆಯ ರಾತ್ರಿಯ ಟಿಪ್ಪಣಿಗೆ ಏನಾದರೂ ಹೇಳುತ್ತಾಳೆ ಎಂದುಕೊಂಡಿದ್ದೆ, ಅದಕ್ಕೆ ಏನೂ ಹೇಳಲಿಲ್ಲ. ಅದನ್ನು ಇಲ್ಲಿ ಹೇಳಲೂ ಒಪ್ಪಿಗೆ ಕೊಟ್ಟಿದ್ದಾಳೆ. ಅಕ್ಟೋಬರಿನ ಮೂರು ಪುಟಗಳಿಗೆ ಬೆರಳಿಟ್ಟು, "ಇದನ್ನು ನಾನು ಅಮ್ಮನಿಗೆ ಹೇಳಿದ್ದು" ಎಂದಳು. ಆ ಪುಟಗಳಲ್ಲಿರುವ ಮನೆಯ ಹುಡುಗಿ ಇಂದಿಗೂ ಅವಳ ಗೆಳತಿ, ಫೋನಿನಲ್ಲಿ ಇಬ್ಬರೂ ಮಾತನಾಡುತ್ತಿರುತ್ತಾರೆ.

ಮೂರು ಪುಟಗಳನ್ನೂ, ಅವುಗಳನ್ನು ಆಧರಿಸಿ ನಾಲ್ಕನೆಯ ಅಧ್ಯಾಯದಲ್ಲಿ ಕಟ್ಟಿದ್ದ ಒಂದು ವಾದವನ್ನೂ ತೆಗೆದಿದ್ದೇನೆ. ಅಧ್ಯಾಯದ ಆ ಭಾಗ ಈಗ ತೆಳುವಾಗಿದೆ. ಅದನ್ನು ತುಂಬಲು ಬೇರೆ ಮಾಹಿತಿ ನನ್ನ ಹತ್ತಿರ ಇಲ್ಲ, ಅದು ಹಾಗೆಯೇ ಅಚ್ಚಿಗೆ ಹೋಗುತ್ತದೆ.